ಬಿತ್ತನೆಯ ಕಾಳಿನ ಸಾರು

ಫೆಬ್ರವರಿ ಬಂತೆಂದರೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮನುಷ್ಯರು ಕೂರಲು ಜಾಗವಿರುವುದಿಲ್ಲ. ಕಿಟಕಿಯ ಕಟ್ಟೆ, ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಮೇಲಿಟ್ಟ ಹಲಗೆ, ಟೀವಿಯ ಎರಡೂ ಪಕ್ಕ, ಎಲ್ಲ ಕಡೆ ಕಪ್ಪು ಪ್ಲಾಸ್ಟಿಕ್ ಟ್ರೇಗಳು. ಟೊಮೆಟೊ, ಮೆಣಸಿನಕಾಯಿ, ಚೆಂಡು ಹೂವು, ಕಾಸ್ಮೋಸ್. ಹೊರಗೆ ಐರ್ಲೆಂಡಿನ ಈ ಅತ್ಲೋನ್ ಊರಿನ ಮಳೆ ಅಡ್ಡಡ್ಡ ಬೀಳುತ್ತಿರುತ್ತದೆ, ಮಳೆ ಇಲ್ಲದ ಬೆಳಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕಟ್ಟಿರುತ್ತದೆ. ನೆಲ ಬೆಚ್ಚಗಾಗಲು ಏಪ್ರಿಲ್ ಕೊನೆಯಾಗಬೇಕು. ಅಲ್ಲಿಯವರೆಗೆ ಕಾದು ಬಿತ್ತಿದರೆ ಟೊಮೆಟೊ ಹಣ್ಣಾಗುವ ಹೊತ್ತಿಗೆ ಮತ್ತೆ ಚಳಿ ಬಂದಿರುತ್ತದೆ. ಹಾಗಾಗಿ ಬೀಜವನ್ನು ಮನೆಯೊಳಗೇ ಮೊಳೆಸಿ, ಸಸಿ ಮಾಡಿ, ಆಮೇಲೆ ಹೊರಗೆ ನೆಡುವುದು ಇಲ್ಲಿನ ಪದ್ಧತಿ. ಮನೆಗೆ ಬಂದ ನಮ್ಮವರು, “ಏನ್ರೀ ಇದು, ಮನೇನೋ ನರ್ಸರೀನೋ?” ಎನ್ನುತ್ತಾರೆ. ಅನ್ನಲಿ. ಅವರ ಮನೆಯಲ್ಲಿ ಸೋಫಾ ಇದೆ, ನಮ್ಮಲ್ಲಿ ಸಸಿ ಇದೆ.

ನಾನೇನೂ ತೋಟದ ಮನೆಯಲ್ಲಿ ಹುಟ್ಟಿದವಳಲ್ಲ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳೆದವಳು. ಅಲ್ಲಿ ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಕೊತ್ತಂಬರಿ ಬೀಜ ತೆಗೆದು, ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ ಕುಂಡಕ್ಕೆ ಎಸೆದರೆ ಸೊಪ್ಪು ತಾನಾಗಿ ಬರುತ್ತಿತ್ತು. ಅದು ನನ್ನ ಕೈಗುಣ ಎಂದುಕೊಂಡಿದ್ದೆ. ಬಿಸಿಲಿನ ಗುಣ ಎಂದು ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಈ ಮನೆಗೆ ಬಂದ ಮೊದಲ ವರ್ಷ, ಮಾರ್ಚಿನಲ್ಲಿ ಎರಡು ದಿನ ಬಿಸಿಲು ಬಂತೆಂದು ಹಿಂದಿನ ಅಂಗಳದಲ್ಲಿ ಚೆಂಡು ಹೂವಿನ ಬೀಜ ಚೆಲ್ಲಿದೆ. ಮೊಳೆತದ್ದೇ ನಾಲ್ಕು. ನಾಲ್ಕನ್ನೂ ಒಂದೇ ರಾತ್ರಿಯಲ್ಲಿ ಚಿಪ್ಪಿಲ್ಲದ ಬಸವನಹುಳುಗಳು ಮುಗಿಸಿದವು. ಬೆಳಗ್ಗೆ ನಾನು ಕುಕ್ಕರುಗಾಲಲ್ಲಿ ಕೂತು ಅವುಗಳಿಗೆ ಕನ್ನಡದಲ್ಲಿ ಬೈಯುತ್ತಿದ್ದಾಗ ಬೇಲಿಯಾಚೆಯಿಂದ ಯಾರೋ ನಕ್ಕರು.

ನಕ್ಕವರು ಪಕ್ಕದ ಮನೆಯ ಮುದುಕರು. ಎಪ್ಪತ್ತೈದು ದಾಟಿದ್ದವರು, ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೊಳಕೆ ಬರಿಸುವುದನ್ನು ನನಗೆ ಕಲಿಸಿದವರು ಅವರೇ. ಟ್ರೇಗೆ ತುಂಬುವ ಮಣ್ಣು ಬೇರೆ, ಅಂಗಳದ ಮಣ್ಣು ಬೇರೆ. ನೀರನ್ನು ಮೇಲಿಂದ ಸುರಿಯಬಾರದು, ಟ್ರೇಯನ್ನೇ ನೀರಲ್ಲಿ ಕೂರಿಸಿ ತಳದಿಂದ ಕುಡಿಸಬೇಕು. ಸಸಿ ಬೆಳಕಿನ ಕಡೆಗೇ ವಾಲುತ್ತದೆ, ಆದ್ದರಿಂದ ದಿನಕ್ಕೊಮ್ಮೆ ಟ್ರೇ ತಿರುಗಿಸಬೇಕು. ಟಾಯ್ಲೆಟ್ ಪೇಪರ್ ಸುತ್ತಿಬರುವ ರಟ್ಟಿನ ಕೊಳವೆಗಳನ್ನು ಎಸೆಯಬಾರದು, ಬೀನ್ಸಿನ ಬೇರು ಉದ್ದಕ್ಕೆ ಇಳಿಯಲು ಅದಕ್ಕಿಂತ ಒಳ್ಳೆಯ ಕುಂಡವಿಲ್ಲ. ನಮ್ಮ ಕಿಟಕಿ ದಕ್ಷಿಣಕ್ಕಿದೆ. ಬೆಳಗಿನ ದಿನಪತ್ರಿಕೆ ತರಲು ಹೋಗುವಾಗ ಅವರು ಅದರೆದುರು ನಿಂತು ಟ್ರೇಗಳನ್ನು ನೋಡುತ್ತಿದ್ದರು. ತಪ್ಪಿದ್ದರೆ ಗಾಜು ತಟ್ಟಿ ಬೆರಳಿನಿಂದ ತೋರಿಸುತ್ತಿದ್ದರು. ಸರಿಯಿದ್ದರೆ “ಗ್ರ್ಯಾಂಡ್” ಎಂದು, ಅಂದರೆ ಇಲ್ಲಿನ ಮಾತಿನಲ್ಲಿ ‘ಪರವಾಗಿಲ್ಲ’ ಎಂದು, ಮುಂದೆ ಹೋಗುತ್ತಿದ್ದರು. ಅವರಿಗೆ ಅದಕ್ಕಿಂತ ಹೆಚ್ಚು ಹೊಗಳಲು ಬರುತ್ತಿರಲಿಲ್ಲ. ನಾಲ್ಕು ವರ್ಷ ಹೀಗೆ ನಡೆಯಿತು. ಹೋದ ನವೆಂಬರಿನಲ್ಲಿ ಅವರು ತೀರಿಕೊಂಡರು.

ಜನವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ಅವರ ಹೆಂಡತಿ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಜಾಮ್ ಬಾಟಲಿ, ಅದರಲ್ಲಿ ಮುಕ್ಕಾಲು ಭಾಗ ಒಣಗಿದ ಕಾಳು. ಇಲ್ಲಿಯವರು ಬ್ರಾಡ್ ಬೀನ್ಸ್ ಎನ್ನುವ ಕಾಳು. ಚಪ್ಪಟೆ, ಮಾಸಲು ಹಸಿರು, ನಮ್ಮ ಅವರೆಕಾಳಿಗೆ ದೊಡ್ಡಣ್ಣ. ಆಕೆ ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ನನ್ನ ಕನ್ನಡದಲ್ಲಿ.

“ಇದು ಅವನ ಬೀನ್ಸ್. ಅವರಪ್ಪನ ಕಾಲದಿಂದ ಬಂದಿದ್ದು. ಪ್ರತಿ ವರ್ಷ ಒಳ್ಳೇ ಕಾಯಿ ಬೀಜಕ್ಕೆ ಬಿಡ್ತಿದ್ದ, ಮಿಕ್ಕಿದ್ದು ನಾವು ತಿಂತಿದ್ವಿ. ಹೋದ ವರ್ಷ ಹುಷಾರಿರಲಿಲ್ಲ, ಬಿತ್ತಲೇ ಇಲ್ಲ. ಇನ್ನೊಂದು ವರ್ಷ ಇಟ್ರೆ ಹುಟ್ಟುತ್ತೋ ಇಲ್ವೋ. ನನಗೆ ಇದ್ಯಾವುದೂ ಬರಲ್ಲ. ನೀನು ಸಸಿ ಮಾಡಿಕೊಡು, ಅವನ ತರಕಾರಿ ಮಡೀಲಿ ನೆಡೋಣ.”

“ಅರ್ಧ ನೀವು ಇಟ್ಕೊಳಿ, ಅರ್ಧ ನಾನು ಹಾಕ್ತೀನಿ,” ಎಂದೆ.

“ಬೇಡ, ಎಲ್ಲಾ ಹಾಕು. ಎಷ್ಟು ಹುಟ್ಟುತ್ತೋ ಅಷ್ಟೇ ಇರೋದು. ಇದು ಬೇರೆ ಯಾರ ಹತ್ರಾನೂ ಇಲ್ಲ.”

ಬಾಟಲಿ ಕೊಟ್ಟ ಮೇಲೂ ಆಕೆಯ ಕೈ ಒಂದು ಕ್ಷಣ ಅದರ ಮುಚ್ಚಳದ ಮೇಲೇ ಇತ್ತು. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ, ಹೆಮ್ಮೆಯೇ ಆಗಿದ್ದು. ಇಡೀ ಬೀದಿಯಲ್ಲಿ ಅಷ್ಟು ಜನ ಅವರದೇ ನೆಂಟರು ಪರಿಚಿತರು ಇದ್ದರೂ ಬೀಜ ನನ್ನ ಕೈಗೆ ಬಂದಿತ್ತು.

ಫೆಬ್ರವರಿಯ ಮೊದಲ ವಾರ, ಒಂದು ಮಂಗಳವಾರ ಸಂಜೆ, ಕಾಳನ್ನೆಲ್ಲ ಸ್ಟೀಲ್ ಪಾತ್ರೆಗೆ ಸುರಿದು ನೀರು ಹಾಕಿದೆ. ಹಳೆಯ ಬೀಜ ಒಂದು ರಾತ್ರಿ ನೆನೆದರೆ ಬೇಗ ಮೊಳೆಯುತ್ತದೆ. ಬೆಳಗ್ಗೆ ಎದ್ದು ರಟ್ಟಿನ ಕೊಳವೆಗಳಿಗೆ ಮಣ್ಣು ತುಂಬಿ ಒಂದೊಂದಕ್ಕೆ ಒಂದೊಂದು ಕಾಳು ಊರುವುದು ಎಂದು ಲೆಕ್ಕ. ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಮಾಡುವವಳು, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಕೆಲಸ. ಆದರೆ ಅವತ್ತು ರಾತ್ರಿ ಮಲಗುವ ಮುಂಚೆ ಮೆಸೇಜ್ ಬಂತು: ಬೆಳಗ್ಗೆ ಎಲ್ಲರೂ ಡಬ್ಲಿನ್ ಆಫೀಸಿಗೆ ಬರಬೇಕು. ಎದ್ದವಳೇ ಕೋಟು ಸಿಕ್ಕಿಸಿಕೊಂಡು ಮೊದಲ ರೈಲಿಗೆ ಓಡಿದೆ. ಸಂಜೆ ಬಂದು ಊರಿದರಾಯಿತು, ಇನ್ನೊಂದು ಹನ್ನೆರಡು ಗಂಟೆ ನೆನೆದರೆ ಕಾಳಿಗೇನೂ ಆಗುವುದಿಲ್ಲ ಎಂದುಕೊಂಡೆ.

ಈಗ ನನ್ನ ಗಂಡನ ವಿಷಯ. ಅವನು ಮೈಸೂರಿನವನು, ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್. ಅಡುಗೆ ಚೆನ್ನಾಗಿ ಮಾಡುತ್ತಾನೆ, ಹಾಗೆಂದು ಹೇಳಿಕೊಳ್ಳುತ್ತಾನೆ ಕೂಡ. ಜನವರಿ ಬಂತೆಂದರೆ ಅವನಿಗೆ ಅವರೆಕಾಯಿಯ ಹುಚ್ಚು. ಅಲ್ಲಿ ಸೀಸನ್ ಶುರುವಾಗುತ್ತಿದ್ದ ಹಾಗೆ ಅವನ ಅಕ್ಕ ವಾಟ್ಸಾಪಿನಲ್ಲಿ ದಿನಕ್ಕೊಂದು ಫೋಟೋ ಹಾಕುತ್ತಾರೆ: ರಾಶಿ ಅವರೆಕಾಯಿ, ಸುಲಿದ ಕಾಳು, ಹಿತಕಿದ ಬೇಳೆ, ಸಾರು, ರೊಟ್ಟಿ. ಅವನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತ ಅದನ್ನೆಲ್ಲ ನೋಡುತ್ತಾನೆ. ಆ ತಿಂಗಳಿಡೀ ನನ್ನ ಬಳಿ ಒಂದೇ ರಾಗ, “ಸೀಸನ್ ಮುಗೀತಾ ಬಂತು ಕಣೇ. ಈ ವರ್ಷಾನೂ ಹಿತಕಿದ ಬೇಳೆ ಸಾರು ಇಲ್ಲ.” ಆ ಬುಧವಾರ ಅವನಿಗೆ ರಜೆ.

ಸಂಜೆ ಏಳಕ್ಕೆ ನಾನು ರೈಲಿಳಿದು ನಡೆದು ಬಂದೆ. ಮಳೆಯಲ್ಲಿ ನೆನೆದು ತೊಪ್ಪೆಯಾಗಿದ್ದೆ, ಮಧ್ಯಾಹ್ನ ಊಟವೂ ಸರಿಯಾಗಿ ಆಗಿರಲಿಲ್ಲ. ಬಾಗಿಲು ತೆಗೆದರೆ ಶುಂಠಿ, ಬೆಳ್ಳುಳ್ಳಿ, ಲವಂಗ, ಹುರಿದ ಗಸಗಸೆಯ ವಾಸನೆ. ಹಸಿದ ಹೊಟ್ಟೆಗೆ ಇನ್ನೇನು ಬೇಕು? ಅವನು ಒಲೆಯ ಮುಂದೆ ನಿಂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದ. ಮುಖದಲ್ಲಿ ಯಾಕೋ ತುಂಬ ಸಂತೋಷ.

“ಕೈ ತೊಳ್ಕೊಂಡು ಬಾ. ಏನೂ ಕೇಳ್ಬೇಡ, ಮೊದ್ಲು ತಿನ್ನು,” ಎಂದ.

ಕೂತೆ. ಮೊದಲ ತುತ್ತಿಗೇ ಕಣ್ಣು ಮುಚ್ಚಿಕೊಂಡೆ. ಹಿತಕಿದ ಬೇಳೆ ಸಾರು! ನೆನೆದ ಕಾಳನ್ನು ಎರಡು ಬೆರಳ ನಡುವೆ ಹಿತುಕಿ, ಸಿಪ್ಪೆ ಜಾರಿಸಿ, ಒಳಗಿನ ಬೇಳೆಯನ್ನು ಮಾತ್ರ ಬೇಯಿಸುವ ಸಾರು. ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಊರಿನ ಅವರೆಯ ಸೊಗಡು ಇರಲಿಲ್ಲ, ಆದರೆ ಇನ್ನೆಲ್ಲ ಇತ್ತು. ನಾನು ಎರಡು ಸಲ ಹಾಕಿಸಿಕೊಂಡೆ. “ಅಬ್ಬಾ, ಅತ್ತೆ ಕೈ ರುಚಿ ಬಂದ್ಬಿಟ್ಟಿದೆ ಕಣೋ ನಿಂಗೆ,” ಎಂದು ಹೊಗಳಿದೆ. ಮೂರನೆಯ ರೊಟ್ಟಿ ಮುರಿಯುವಾಗ ಕೇಳಿದೆ, “ಅಂದ ಹಾಗೆ, ಅವರೆಕಾಳು ಎಲ್ಲಿ ಸಿಕ್ತು?”

“ನನ್ನ ಕೇಳ್ತೀಯಲ್ಲ! ನೀನೇ ತಾನೆ ನೆನೆಹಾಕಿದ್ದು? ಡಬ್ಲಿನ್‌ನಿಂದ ಯಾರ ಹತ್ರ ತರಿಸ್ದೆ? ಸ್ವಲ್ಪ ಕಮ್ಮಿ ಇತ್ತು, ಅದಕ್ಕೆ ಒಂದು ಆಲೂಗಡ್ಡೆ ಹಾಕ್ದೆ.”

ಬಾಯಲ್ಲಿದ್ದ ತುತ್ತನ್ನು ನುಂಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ನುಂಗಿದೆ. ಆಮೇಲೆ ಎದ್ದು ಅಡುಗೆಮನೆಯ ಕಟ್ಟೆ ನೋಡಿದೆ. ಪಾತ್ರೆ ತೊಳೆದು ಬೋರಲು ಹಾಕಿತ್ತು. ಜಾಮ್ ಬಾಟಲಿಯನ್ನೂ ತೊಳೆದಿಟ್ಟಿದ್ದ. ಅಚ್ಚುಕಟ್ಟಿನ ಮನುಷ್ಯ.

“ಅಯ್ಯೋ ನಿನ್ ಮನೆ ಹಾಳಾಗ! ಅದು ಬಿತ್ತನೆ ಬೀಜ ಕಣೋ!” ಎಂದು ಕಿರುಚಿದೆ. ಅವನ ಮನೆಯೇ ನನ್ನ ಮನೆ ಎನ್ನುವುದು ಆಗ ಹೊಳೆಯಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ತಿಂಡಿಪೋತ ಎಂದೆ, ಕಣ್ಣಿದ್ದೂ ಕುರುಡ ಎಂದೆ, ಇಷ್ಟು ದಪ್ಪ ಅವರೆಕಾಳನ್ನು ನಿಮ್ಮ ಮೈಸೂರಿನಲ್ಲಿ ಯಾವನು ಬೆಳೆಯುತ್ತಾನೆ ಎಂದೆ. ಅವನು ಕೈಯಲ್ಲಿ ಸೌಟು ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ. ಯಾರ ಬೀಜ ಎಂದು ಹೇಳಿದ ಮೇಲೆ ಅವನ ಮುಖ ಸಪ್ಪಗಾಯಿತು. “ಒಂದು ಚೀಟಿ ಬರೆದಿಡಬಾರದಿತ್ತಾ?” ಎಂದಷ್ಟೇ ಹೇಳಿದ. ಅದು ನ್ಯಾಯವಾದ ಮಾತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅಂಗಳಕ್ಕೆ ಹೋಗಿ ಕಂದು ಬಣ್ಣದ ಕಸದ ತೊಟ್ಟಿ ತೆರೆದು ಸಿಪ್ಪೆಗಳನ್ನೆಲ್ಲ ಕೆದಕಿದೆ. ನೆನೆಯದೆ ಉಳಿದ ಕಲ್ಲುಕಾಳು ಒಂದಾದರೂ ಎಸೆದಿರುತ್ತಾನೇನೋ ಎಂಬ ಆಸೆ. ಒಂದೂ ಇರಲಿಲ್ಲ. ಎಲ್ಲವೂ ಚೆನ್ನಾಗಿ ನೆನೆದಿದ್ದವು.

ಕೈ ತೊಳೆದು ಒಳಗೆ ಬಂದಾಗ ಅವನು ಜಾಕೆಟ್ ಹಾಕಿಕೊಂಡು ನಿಂತಿದ್ದ.

“ಹೋಗಿ ಹೇಳ್ಬಿಡ್ತೀನಿ. ತಪ್ಪು ನಂದು. ಅವರು ಬೈದ್ರೆ ಬೈಸ್ಕೊಳ್ತೀನಿ,” ಎಂದ.

“ಏನಂತ ಹೇಳ್ತೀಯ? ನಿಮ್ಮ ಗಂಡನ ಬೀಜ ಸಾರು ಮಾಡ್ಕೊಂಡು ತಿಂದ್ವಿ ಅಂತಾನಾ? ಮೂರು ತಿಂಗಳಾಗಿಲ್ಲ ಅವರು ಹೋಗಿ.”

“ಮತ್ತೆ?”

“ಸುಮ್ನಿರು. ನಾನು ನೋಡ್ಕೊಳ್ತೀನಿ.”

ಇಲ್ಲಿಯವರೆಗಿನ ತಪ್ಪು ಅವನದು. ಇಲ್ಲಿಂದ ಮುಂದಿನದು ನನ್ನದು. ಅವನು ತಿಳಿಯದೆ ಮಾಡಿದ, ನಾನು ತಿಳಿದು ಮಾಡಿದೆ. ಆ ಮುದುಕಿಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ನಂಬಿ ಕೊಟ್ಟ ಬೀಜವನ್ನು ಉಳಿಸಲಾರದವಳು ಎನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಬೀದಿಯಲ್ಲಿ ಮಾತಾಗುತ್ತದೆ, ಇಂಡಿಯಾದವರು ಬೀಜ ತಿಂದರಂತೆ ಎಂದು ನಗುತ್ತಾರೆ ಎಂದೂ ಅನಿಸಿತು. ಬ್ರಾಡ್ ಬೀನ್ಸ್ ಎಂದರೆ ಬ್ರಾಡ್ ಬೀನ್ಸ್, ಒಂದಕ್ಕೂ ಇನ್ನೊಂದಕ್ಕೂ ಏನು ಮಹಾ ವ್ಯತ್ಯಾಸ? ಶನಿವಾರ ಊರ ಹೊರಗಿನ ಗಾರ್ಡನ್ ಸೆಂಟರಿಗೆ ಹೋಗಿ ಎರಡು ಪ್ಯಾಕೆಟ್ ಬೀಜ ಕೊಂಡೆ. ಪ್ಯಾಕೆಟ್ಟಿನ ಮೇಲೆ ಕಾಯಿಯ ಚಿತ್ರವಿತ್ತು. ನಾನು ನೋಡಿದ್ದು ಕಾಯಿಯನ್ನು, ಕಾಳನ್ನು. ಕಾಳು ಬಾಟಲಿಯಲ್ಲಿದ್ದುದರ ಹಾಗೇ ಇತ್ತು. ಕಾಳನ್ನು ಕೋಟಿನ ಜೇಬಿಗೆ ಸುರಿದುಕೊಂಡು, ಖಾಲಿ ಪ್ಯಾಕೆಟ್ಟುಗಳನ್ನು ಮನೆಗೆ ತರದೆ ಅಲ್ಲಿನ ಕಸದ ಬುಟ್ಟಿಗೇ ಹಾಕಿದೆ. ಸುಳ್ಳು ಹೇಳಿದರೂ ನಿಜದ ತಲೆ ಮೇಲೆ ಹೊಡೆದ ಹಾಗಿರಬೇಕಲ್ಲ!

ಸಸಿಗಳು ಚೆನ್ನಾಗಿಯೇ ಬಂದವು. ಎರಡನೇ ವಾರಕ್ಕೆ ರಟ್ಟಿನ ಕೊಳವೆಗಳ ಬಾಯಲ್ಲಿ ಬಾಗಿದ ಕುತ್ತಿಗೆಗಳು ಕಂಡವು, ಮೂರನೇ ವಾರಕ್ಕೆ ನೆಟ್ಟಗೆ ನಿಂತು ಎಲೆ ಬಿಚ್ಚಿದವು. ಮೂವತ್ತಾರು ಸಸಿ. ನಾನು ದಿನಾ ಟ್ರೇ ತಿರುಗಿಸಿದೆ, ತಳದಿಂದ ನೀರು ಕುಡಿಸಿದೆ, ಕಲಿಸಿದ್ದನ್ನು ಒಂದೂ ತಪ್ಪಿಸಲಿಲ್ಲ. ಈ ಸಲ ನನ್ನ ಟೊಮೆಟೊ ಸಸಿಗಳು ಬುಡ ಕೊಳೆತು ಹೋದವು. ನಾನು ಅವುಗಳ ಕಡೆ ನೋಡಿಯೇ ಇರಲಿಲ್ಲ.

ಮಾರ್ಚಿನ ಮಧ್ಯದಲ್ಲಿ ಆಕೆ ನೋಡಲು ಬಂದರು. ಸೊಂಟದ ನೋವು, ಬಾಗಿಲಿನಿಂದ ಕಿಟಕಿಯವರೆಗೆ ಬರಲು ಕುರ್ಚಿ ಹಿಡಿದು ಹಿಡಿದು ಬಂದರು. ಕನ್ನಡಕ ಹಾಕಿಕೊಂಡು ಸಸಿಗಳನ್ನು ಬಗ್ಗಿ ನೋಡಿದರು. ಒಂದರ ಎಲೆಯನ್ನು ಬೆರಳಿನಿಂದ ಮುಟ್ಟಿದರು.

“ಈ ಕಿಟಕಿ ಹತ್ರ ಅವನ ಹಾಗೇ ನಿಂತಿವೆ ನೋಡು, ಭುಜ ಸ್ವಲ್ಪ ಬಗ್ಗಿಸ್ಕೊಂಡು,” ಎಂದು ನಕ್ಕರು. ಆಮೇಲೆ, “ಎಲ್ಲಾ ಹುಟ್ಟಿದ್ವಾ?” ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. “ಎಲ್ಲಾ ಇಲ್ಲ, ಕೆಲವು ಹಳೇದಾಗಿತ್ತಲ್ಲ, ಮತ್ತೆ ಈ ವರ್ಷ ಚಳಿ ಬೇರೆ ಜಾಸ್ತಿ...” ಎಂದು ಕೇಳದ್ದಕ್ಕೆಲ್ಲ ಉತ್ತರ ಕೊಡತೊಡಗಿದೆ. ಆಕೆ ತಲೆಯಾಡಿಸಿ, “ಮೂವತ್ತಾರು ಸಾಕು. ನೀನು ಒಳ್ಳೆಯವಳು,” ಎಂದರು. ಟೀ ಮಾಡಲು ಅಡುಗೆಮನೆಗೆ ಹೋದೆ. ಅಲ್ಲಿ ನನ್ನ ಗಂಡ ನಿಂತಿದ್ದ. ನನ್ನನ್ನು ನೋಡಿದ, ಹಿಂಬಾಗಿಲಿನಿಂದ ಅಂಗಳಕ್ಕೆ ಹೋದ. ಆಕೆ ಹೋಗುವವರೆಗೂ ಒಳಗೆ ಬರಲಿಲ್ಲ. ಆಗಲಾದರೂ ಹೇಳಬಹುದಿತ್ತು. ಟೀ ತಂದುಕೊಟ್ಟೆ.

ಏಪ್ರಿಲಿನ ಮೊದಲ ವಾರ ಸಸಿಗಳನ್ನು ಹಗಲು ಹೊರಗಿಟ್ಟು ಸಂಜೆ ಒಳಗೆ ತಂದು ಗಾಳಿಗೆ ಅಭ್ಯಾಸ ಮಾಡಿಸಿದೆ. ಎರಡನೇ ವಾರ ಆಕೆಯ ಹಿಂದಿನ ಅಂಗಳದಲ್ಲಿ, ಮುದುಕರ ಮಡಿಯಲ್ಲಿ, ಮೂರು ಸಾಲು ನೆಟ್ಟೆ. ಆಕೆ ಅಡುಗೆಮನೆಯ ಕಿಟಕಿ ತೆರೆದು ನಿಂತು ಎಷ್ಟು ದೂರಕ್ಕೆ ಒಂದು ಎಂದು ಹೇಳುತ್ತಿದ್ದರು. ಅವರ ಗಂಡನ ಸಲಿಕೆ, ಅವರ ಗಂಡನ ದಾರ, ಗೂಟ. ನೆಟ್ಟು ಮುಗಿಸಿದಾಗ ಮಣ್ಣಿನ ಕೈಗೆ ಬಿಸಿನೀರಿನ ಬಟ್ಟಲು ತಂದಿಟ್ಟರು. ಮೇ ತಿಂಗಳಿಗೆ ಗಿಡಗಳು ಮೊಣಕಾಲುದ್ದ ಬಂದವು. ಬೆಳಗ್ಗೆ ಕೆಲಸಕ್ಕೆ ಕೂರುವ ಮುನ್ನ ನಾನು ಮೇಲಿನ ಕೋಣೆಯ ಕಿಟಕಿಯಿಂದ ನೋಡಿದರೆ ಆಕೆ ಡ್ರೆಸಿಂಗ್ ಗೌನಿನಲ್ಲಿ, ಕೋಲೂರಿಕೊಂಡು, ಸಾಲುಗಳ ನಡುವೆ ನಿಂತಿರುತ್ತಿದ್ದರು. ಮೊದಲು ಅಂಗಳಕ್ಕೇ ಇಳಿಯದವರು. ಮುದುಕಿಗೆ ಒಂದು ಹವ್ಯಾಸವಾಯಿತು ಎಂದು ಗಂಡನಿಗೆ ಹೇಳಿದೆ. ನನಗೆ ನೆಮ್ಮದಿಯೂ ಆಯಿತು. ನೋಡು, ಹೇಳದಿದ್ದದ್ದೇ ಒಳ್ಳೆಯದಾಯಿತು ಎಂದೂ ಹೇಳಿದೆ. ಅವನು ಎದ್ದು ಪಾತ್ರೆ ತೊಳೆಯಲು ಹೋದ.

ಜೂನ್ ಮೊದಲ ವಾರದಲ್ಲಿ, ನಾನು ಬಟ್ಟೆ ಹರವುತ್ತಿದ್ದಾಗ, ಬೇಲಿಯಾಚೆಯಿಂದ ಆಕೆ ಕರೆದರು. “ಒಂದು ನಿಮಿಷ ಬಾ.” ಹೋದೆ. ಮೂರು ಸಾಲೂ ಹೂವಿನಿಂದ ತುಂಬಿದ್ದವು. ಬಿಳಿ ಹೂವು, ಎಸಳಿನ ಮೇಲೆ ಕಪ್ಪು ಚುಕ್ಕೆ. ಜೇನುಹುಳುಗಳು ಓಡಾಡುತ್ತಿದ್ದವು. ಎಷ್ಟು ಚೆನ್ನಾಗಿ ಬಂದಿದೆ ಎನ್ನಬೇಕೆಂದಿದ್ದೆ. ಆಕೆ ಕೋಲಿನಿಂದ ಒಂದು ಹೂವನ್ನು ತೋರಿಸಿದರು.

“ಇವು ಅವನದಲ್ಲ, ಅಲ್ವಾ?” ಎಂದರು.

ಹವಾಮಾನದ ಮೇಲೆ ಹಾಕಬಹುದಿತ್ತು, ಮಣ್ಣಿನ ಮೇಲೆ ಹಾಕಬಹುದಿತ್ತು. ಬಾಯಿ ತೆರೆದೆ ಕೂಡ. ಆಮೇಲೆ ಹೇಳಿದೆ. ಪಾತ್ರೆ, ರೈಲು, ಅವರೆಕಾಳು, ಸಾರು, ಎರಡು ಪ್ಯಾಕೆಟ್, ಎಲ್ಲ. ಗಂಡ ಅವತ್ತೇ ಬಂದು ಹೇಳುತ್ತೇನೆಂದದ್ದನ್ನೂ, ನಾನೇ ಬೇಡವೆಂದದ್ದನ್ನೂ ಹೇಳಿದೆ. ಆಕೆ ಕೋಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವನದು ಕೆಂಪು ಹೂ,” ಎಂದರು. “ದಟ್ಟ ಕೆಂಪು. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ, ಅದಕ್ಕೇ ಹೇಳಿರಲಿಲ್ಲ.” ಹಿಂದಿನ ವರ್ಷಗಳಲ್ಲಿ ಬೇಲಿಯಾಚೆ ಕಂಡ ಕೆಂಪನ್ನು ನಾನು ಯಾವುದೋ ಅಲಂಕಾರದ ಹೂವೆಂದುಕೊಂಡಿದ್ದೆ.

“ನನ್ನನ್ನ ಕ್ಷಮಿಸಿ,” ಎಂದೆ.

“ಫೆಬ್ರವರೀಲಿ ಹೇಳಿದ್ರೆ ಒಂದು ದಿನ ಕೂತು ಅತ್ತು ಮುಗಿಸ್ತಿದ್ದೆ. ಬೀನ್ಸ್ ತಾನೆ? ಅವನಿಗೂ ನಗು ಬರ್ತಿತ್ತೇನೋ.” ಆಕೆ ನನ್ನನ್ನು ನೋಡುತ್ತಿರಲಿಲ್ಲ, ಸಾಲುಗಳನ್ನು ನೋಡುತ್ತಿದ್ದರು. “ಮೊದಲನೇ ಗಿಡ ಬಿಳಿ ಬಿಟ್ಟಾಗ, ಎಲ್ಲೋ ಒಂದು ಬೆರೆತಿರಬೇಕು ಅಂದ್ಕೊಂಡೆ. ಮಾರನೇ ದಿನ ಇನ್ನೆರಡು ಬಿಳಿ. ಇನ್ನೂ ಮೂವತ್ಮೂರು ಇದೆಯಲ್ಲ ಅಂದ್ಕೊಂಡೆ. ಎರಡು ವಾರ ದಿನಾ ಬೆಳಗ್ಗೆ ಎದ್ದು ಬಂದು ಎಣಿಸಿದೀನಿ. ನಿನ್ನೆವರೆಗೂ ಆ ಮೂಲೇಲಿ ಒಂದು ಗಿಡ ಬಾಕಿ ಇತ್ತು. ಇವತ್ತು ಅರಳ್ತು.”